ಗೋಡೆಗೊಂದು ನಗರ: ಮಾಡರ್ನ್ ಪೇಂಟಿಂಗ್‌ಗಳ ಪ್ರತಿ ಕೊಂಡು, ಕಟ್ಟು ಹಾಕಿಸಿ, ತೂಗುಹಾಕುವ ತನಕ

ನಾನು ಮೊದಲ ಸಲ ದುಡ್ಡು ಕೊಟ್ಟು ತಂದ 'ನೈಟ್‌ಹಾಕ್ಸ್' ಚಿತ್ರದಲ್ಲಿ ಅರ್ಧ ಬೀದಿಯೇ ಇರಲಿಲ್ಲ.

ಅದು ಅಮೆರಿಕದ ಎಡ್ವರ್ಡ್ ಹಾಪರ್ 1942ರಲ್ಲಿ ಬರೆದ ಚಿತ್ರ. ನಡುರಾತ್ರಿ, ಮೂಲೆಯಲ್ಲೊಂದು ಹೋಟೆಲ್ಲು. ದೊಡ್ಡ ಗಾಜಿನ ಹಿಂದೆ ಮೂವರು ಗಿರಾಕಿಗಳು, ಬಿಳಿ ಟೋಪಿಯ ಸಪ್ಲೈಯರ್ ಒಬ್ಬ. ಹೊರಗೆ ನರಪಿಳ್ಳೆ ಇಲ್ಲ. ಬಾಗಿಲು ಎಳೆಯುವ ಹೊತ್ತಿನ ನಮ್ಮ ದರ್ಶಿನಿಗಳನ್ನು ನೋಡಿದವರಿಗೆ ಈ ಚಿತ್ರ ತಕ್ಷಣ ಹಿಡಿಸುತ್ತದೆ. ಆನ್‌ಲೈನ್‌ನಲ್ಲಿ ಫ್ರೇಮ್ ಸಮೇತ ಸಿಕ್ಕಿತು. 36 ಇಂಚು ಅಗಲ, 24 ಇಂಚು ಎತ್ತರ. ಹಾಲ್‌ನಲ್ಲಿ ಹಾಕಿದೆ. ನೋಡಿದಾಗಲೆಲ್ಲ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು.

ತಿಂಗಳಾದ ಮೇಲೆ ಮೂಲ ಚಿತ್ರದ ಅಳತೆ ಹುಡುಕಿದೆ. ಎತ್ತರ 84.1 ಸೆಂ.ಮೀ., ಅಗಲ 152.4 ಸೆಂ.ಮೀ. ಅಂದರೆ ಎತ್ತರದ 1.8 ಪಟ್ಟು ಅಗಲ. ನನ್ನ ಮನೆಯದು ಬರೀ ಒಂದೂವರೆ ಪಟ್ಟು. ಮಾರಿದವರು ತಮ್ಮ ಹತ್ತಿರ ಇದ್ದ ಚೌಕಟ್ಟಿಗೆ ಹೊಂದುವಂತೆ ಚಿತ್ರವನ್ನೇ ಕತ್ತರಿಸಿದ್ದರು. ಲೆಕ್ಕ ಹಾಕಿದರೆ ಆರರಲ್ಲಿ ಒಂದು ಪಾಲು ಹೋಗಿತ್ತು. ಅದೂ ಎಡಗಡೆಯ ಕತ್ತಲೆ ಬೀದಿ, ಮುಚ್ಚಿದ ಅಂಗಡಿಗಳಿರುವ ಪಾಲು. ಆ ಖಾಲಿ ಬೀದಿ ಇದ್ದರೇನೇ ಒಳಗಿನ ಬೆಳಕಿಗೆ ಬೆಲೆ ಅಲ್ವಾ?

ಅವತ್ತಿಂದ ನಾನು ಮೊದಲು ಮೂಲ ಚಿತ್ರವನ್ನು ತಿಳಿದುಕೊಳ್ಳುತ್ತೇನೆ. ಆಮೇಲೆ ಪ್ರತಿ ಆರಿಸುತ್ತೇನೆ. ಕಟ್ಟಿನ ಮಾತು ಕೊನೆಗೆ. ಎಷ್ಟೋ ಅಂಗಡಿಗಳಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ: ಮೊದಲು ಕಟ್ಟು ತೋರಿಸುತ್ತಾರೆ, ಆಮೇಲೆ ಅದರೊಳಗೆ ಹಿಡಿಸುವ ಚಿತ್ರ.

ಮೊದಲು ಗೋಡೆ

ಹಳೆಯ ನ್ಯೂಸ್‌ಪೇಪರ್ ತಗೊಳ್ಳಿ. ಬೇಕಾದ ಅಳತೆಗೆ ಅಂಟಿಸಿ, ಕತ್ತರಿಸಿ, ಮಾಸ್ಕಿಂಗ್ ಟೇಪ್‌ನಿಂದ ಗೋಡೆಗೆ ಹಚ್ಚಿ. ಎರಡು ಮೂರು ದಿನ ಹಾಗೇ ಬಿಡಿ. ಬೆಳಿಗ್ಗೆ ಕಾಫಿ ಕುಡಿಯುವಾಗ ನೋಡಿ, ರಾತ್ರಿ ಲೈಟ್ ಹಾಕಿದಾಗ ನೋಡಿ. ಅಂಗಡಿಯಲ್ಲಿ ದೊಡ್ಡದಾಗಿ ಕಂಡದ್ದು ಮನೆಯ ಗೋಡೆ ಮೇಲೆ ಅಂಚೆ ಚೀಟಿಯಂತೆ ಕಾಣಬಹುದು. ಸೋಫಾ ಮೇಲೆ ಹಾಕುವುದಾದರೆ, ಕಟ್ಟು ಸೇರಿ ಅಗಲ ಸೋಫಾದ ಮೂರರಲ್ಲಿ ಎರಡು ಪಾಲು ಇದ್ದರೆ ಕಣ್ಣಿಗೆ ಸರಿಹೊಂದುತ್ತದೆ.

ಎರಡು ಗೋಡೆಗಳನ್ನು ಬಿಟ್ಟುಬಿಡಿ. ಒಂದು, ಸಂಜೆ ಬಿಸಿಲು ನೇರವಾಗಿ ಬೀಳುವ ಗೋಡೆ. ಎಂಥ ಒಳ್ಳೆ ಇಂಕ್ ಆದರೂ ಬಿಸಿಲಿಗೆ ಬಣ್ಣ ಕಳೆದುಕೊಳ್ಳುತ್ತದೆ. ಇನ್ನೊಂದು, ಬಚ್ಚಲಿನ ಪಕ್ಕದ್ದು ಅಥವಾ ಮಳೆಗಾಲದಲ್ಲಿ ತೇವ ಹಿಡಿಯುವ ಹೊರಗೋಡೆ. ಕೈಯಿಟ್ಟು ನೋಡಿದರೆ ತಣ್ಣಗೆ ಅನ್ನಿಸುತ್ತದೆ, ಬಣ್ಣ ಹೊಪ್ಪಳೆ ಎದ್ದಿರುತ್ತದೆ. ಅಲ್ಲಿ ಕಾಗದಕ್ಕೆ ಬೂಷ್ಟು ಬರುವುದು ಗ್ಯಾರಂಟಿ.

ಯಾವ ನಗರ?

ಇಲ್ಲಿ ಅವಸರ ಬೇಡ. ನಗರವನ್ನು ಬರೆದ ಮಾಡರ್ನ್ ಚಿತ್ರಗಳು ಒಂದೇ ಥರ ಇಲ್ಲ. ಕೆಲವು ಮನೆಗೆ ಗದ್ದಲ ತರುತ್ತವೆ, ಕೆಲವು ಮೌನ ತರುತ್ತವೆ. ಹಾಪರ್ ಮೌನದ ಕಡೆಯವನು. ಜರ್ಮನಿಯ ಎರ್ನ್‌ಸ್ಟ್ ಲುಡ್ವಿಗ್ ಕಿರ್ಷ್ನರ್ ಪೂರ್ತಿ ಬೇರೆ. ಅವನ 'ಬರ್ಲಿನ್ ಬೀದಿ' 1913ರದ್ದು. ಚೂಪು ಮುಖಗಳು, ಉಸಿರುಗಟ್ಟಿಸುವ ಜನ, ಕಿರುಚುವ ಬಣ್ಣ. ನನಗೆ ಬಹಳ ಇಷ್ಟದ ಚಿತ್ರ. ಆದರೂ ಮಲಗುವ ಕೋಣೆಗೆ ಹಾಕಬೇಡಿ ಅಂತಲೇ ಹೇಳುತ್ತೇನೆ.

ಪೀಟ್ ಮೊಂಡ್ರಿಯಾನ್‌ನ 'ಬ್ರಾಡ್‌ವೇ ಬೂಗಿ ವೂಗಿ' ನ್ಯೂಯಾರ್ಕನ್ನು ಬರೀ ಗೆರೆ, ಚೌಕಗಳಲ್ಲಿ ಹಿಡಿದ ಚಿತ್ರ. 1942–43ರಲ್ಲಿ ಮಾಡಿದ್ದು. ಹಳದಿ ಗೆರೆಗಳ ಮೇಲೆ ಕೆಂಪು, ನೀಲಿ, ಬೂದು ಚೌಕಗಳು ರಸ್ತೆಯ ಮೇಲಿನ ಗಾಡಿಗಳಂತೆ ಮಿನುಗುತ್ತವೆ. ಮೂಲ ಚಿತ್ರ ಸರಿಯಾಗಿ ಚೌಕ, ಎರಡೂ ಕಡೆ 127 ಸೆಂ.ಮೀ. ಉದ್ದುದ್ದ ಅಳತೆಯಲ್ಲಿ ಯಾರಾದರೂ ಇದನ್ನು ತೋರಿಸಿದರೆ ಅದು ಕತ್ತರಿಸಿದ್ದು ಅಥವಾ ಎಳೆದದ್ದು. ಸುಮ್ನೆ ಮುಂದೆ ಹೋಗಿ.

ಇವರಿಗೆಲ್ಲ ಹಿಂದಿನ ಒಂದು ಚಿತ್ರವನ್ನೂ ಸೇರಿಸುತ್ತೇನೆ. ಗುಸ್ತಾವ್ ಕೈಬಾಟ್‌ನ 'ಪ್ಯಾರಿಸ್ ಬೀದಿ, ಮಳೆಯ ದಿನ', 1877. ನಡುಮಧ್ಯೆ ಒಂದು ದೀಪದ ಕಂಬ, ಒದ್ದೆ ಕಲ್ಲುಹಾಸು, ಕೊಡೆ ಹಿಡಿದು ಬರುತ್ತಿರುವ ಜೋಡಿ. ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿದೆ. 'ನೈಟ್‌ಹಾಕ್ಸ್' ಇರುವುದೂ ಅಲ್ಲೇ. 2013–14ರಲ್ಲಿ ಕೈಬಾಟ್ ಚಿತ್ರದ ಮೇಲಿದ್ದ ಹಳೆಯ, ಹಳದಿಗಟ್ಟಿದ ವಾರ್ನಿಷ್ ತೆಗೆದು ಶುಚಿ ಮಾಡಿದರು. ಆಗ ಆಕಾಶ ಎಷ್ಟು ನೀಲಿ, ಎಷ್ಟು ತಿಳಿ ಅಂತ ಗೊತ್ತಾಯಿತು. ಆದರೆ ಅದಕ್ಕೂ ಮುಂಚಿನ ಫೋಟೋದಿಂದ ಮಾಡಿದ ಪ್ರತಿಗಳು ಇನ್ನೂ ಮಾರಾಟದಲ್ಲಿವೆ. ಮಾಸಲು ಹಳದಿ ಆಕಾಶ ಕಂಡರೆ ಅದು ಹಳೆಯ ಫೋಟೋ ಇರಬಹುದು ಅಂತ ಅನುಮಾನಿಸಿ. ಮ್ಯೂಸಿಯಂನ ಪುಟ ತೆರೆದು ಪಕ್ಕಪಕ್ಕ ಇಟ್ಟು ನೋಡಿ.

ನಮ್ಮವರನ್ನು ಮರೆಯಬೇಡಿ. ಗಗನೇಂದ್ರನಾಥ ಟಾಗೋರರು ಕ್ಯೂಬಿಸಂ ದಾರಿಯಲ್ಲಿ ಮನೆ, ಮೆಟ್ಟಿಲು, ಬೀದಿಗಳನ್ನು ಬೆಳಕಿನ ಚೂರುಗಳಾಗಿ ಒಡೆದು ಬರೆದರು. 1922ರಲ್ಲಿ ಕಲ್ಕತ್ತೆಯ ಪ್ರದರ್ಶನವೊಂದರಲ್ಲಿ ಯುರೋಪಿನ ಮಾಡರ್ನ್ ಕಲಾವಿದರಾದ ಪಾಲ್ ಕ್ಲೀ, ಕಾಂಡಿನ್ಸ್ಕಿಯವರ ಕೃತಿಗಳ ಜೊತೆಗೇ ಅವರದೂ ಇದ್ದವು. ಅವರ ಬಹಳಷ್ಟು ಚಿತ್ರಗಳು ಚಿಕ್ಕ ಜಲವರ್ಣಗಳು. ಅದನ್ನು ನಾಲ್ಕಡಿಗೆ ಹಿಗ್ಗಿಸಿದರೆ ಸೂಕ್ಷ್ಮವೆಲ್ಲ ಹೋಗುತ್ತದೆ. ಮೂಲ ಅಳತೆಗೆ ಹತ್ತಿರದಲ್ಲೇ ತಗೊಂಡು, ಸುತ್ತ ಅಗಲ ಮೌಂಟ್ (ಚಿತ್ರಕ್ಕೂ ಕಟ್ಟಿಗೂ ನಡುವಿನ ರಟ್ಟಿನ ಅಂಚು) ಬಿಡಿಸಿ.

ಬೆಂಗಳೂರೇ ಬೇಕು ಅಂದರೆ ರುಮಾಲೆ ಚೆನ್ನಬಸವಯ್ಯನವರು ಇದ್ದಾರೆ. 1910ರಲ್ಲಿ ಹುಟ್ಟಿ 1988ರಲ್ಲಿ ತೀರಿಕೊಂಡವರು, ಸ್ವಾತಂತ್ರ್ಯ ಹೋರಾಟಗಾರರು. ಹೂಬಿಟ್ಟ ಮರಗಳ ಬೆಂಗಳೂರನ್ನು ಅವರಂತೆ ಬರೆದವರು ಇನ್ನೊಬ್ಬರಿಲ್ಲ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಹಕ್ಕಿನ ವಿಷಯ, ಚಿಕ್ಕದಾಗಿ

ನಮ್ಮ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಕಲಾವಿದ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಕಿರ್ಷ್ನರ್ ಮತ್ತು ಗಗನೇಂದ್ರನಾಥರು ತೀರಿಕೊಂಡದ್ದು 1938ರಲ್ಲಿ, ಕ್ಲೀ 1940ರಲ್ಲಿ, ಮೊಂಡ್ರಿಯಾನ್ 1944ರಲ್ಲಿ. ಇವರ ಅವಧಿ ಮುಗಿದಿದೆ. ಹಾಪರ್ ತೀರಿಕೊಂಡದ್ದು 1967ರಲ್ಲಿ. ಆ ಲೆಕ್ಕದಲ್ಲಿ 2027ರ ಕೊನೆಯವರೆಗೆ ಕಾಯಬೇಕು. ರುಮಾಲೆಯವರದು 2048ರವರೆಗೆ. ಹಕ್ಕು ಇನ್ನೂ ಇರುವ ಕಲಾವಿದರ ಚಿತ್ರವನ್ನು ಮ್ಯೂಸಿಯಂ ಅಂಗಡಿಯಿಂದ ಅಥವಾ ಅನುಮತಿ ಪಡೆದು ಅಚ್ಚು ಹಾಕಿದವರಿಂದಲೇ ಕೊಳ್ಳಿ. ಪ್ರತಿಯ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಹಕ್ಕಿನ ಸಾಲು ಇದೆಯಾ ನೋಡಿ. ಇಲ್ಲದಿದ್ದರೆ ಕೇಳಿ. ಬದುಕಿರುವ ಕಲಾವಿದರ ವಿಷಯದಲ್ಲಂತೂ ಇದು ಅವರ ಊಟದ ಪ್ರಶ್ನೆ.

ಎಲ್ಲಿ ನೋಡಬೇಕು, ಎಲ್ಲಿ ಕೊಳ್ಳಬೇಕು

ಕೊಳ್ಳುವ ಮುಂಚೆ ಒಂದು ಬೆಳಿಗ್ಗೆ ನಿಜವಾದ ಪೇಂಟಿಂಗ್ ನೋಡಿ ಬನ್ನಿ. ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. ಸೋಮವಾರ ರಜೆ. ಕಸ್ತೂರ್ಬಾ ರಸ್ತೆಯಲ್ಲಿ 2023ರಲ್ಲಿ ತೆರೆದ, ಕಲೆ ಮತ್ತು ಫೋಟೋಗಳ ಮ್ಯಾಪ್ ಮ್ಯೂಸಿಯಂ ಇದೆ. ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು. ಕ್ಯಾನ್ವಾಸ್ ಹತ್ತಿರ ನಿಂತು ಬಣ್ಣದ ದಪ್ಪ, ಬ್ರಷ್ ಓಡಿದ ದಿಕ್ಕು, ಕಪ್ಪಿನೊಳಗೆ ಅಡಗಿದ ನೀಲಿ, ಹಸಿರು ನೋಡಿ. ಹತ್ತು ನಿಮಿಷ ಹೀಗೆ ನೋಡಿದ ಕಣ್ಣು ಕೆಟ್ಟ ಪ್ರತಿಯನ್ನು ದೂರದಿಂದಲೇ ಹಿಡಿಯುತ್ತದೆ. ಅಲ್ಲಿನ ಅಂಗಡಿಗಳಲ್ಲೂ ಒಮ್ಮೆ ಕಣ್ಣಾಡಿಸಿ.

ಪ್ರತಿ ಕೈಸೇರಲು ಮುಖ್ಯವಾಗಿ ಮೂರು ದಾರಿ.

ವಿದೇಶಿ ಮ್ಯೂಸಿಯಂ ಅಂಗಡಿಯಿಂದ ತರಿಸುವುದು ಒಂದು. ಬಣ್ಣದ ಮಟ್ಟಿಗೆ ನಾನು ಜಾಸ್ತಿ ನಂಬುವುದು ಇದನ್ನೇ. ಆದರೆ ಕಟ್ಟು ಹಾಕಿದ್ದನ್ನು ತರಿಸಬೇಡಿ. ಗಾಜು, ತೂಕ, ಸಾಗಾಟ ಎಲ್ಲಾ ಸೇರಿ ಚಿತ್ರಕ್ಕಿಂತ ಖರ್ಚು ಹೆಚ್ಚಾಗುತ್ತದೆ. ಸುರುಳಿ ಸುತ್ತಿ ರಟ್ಟಿನ ಕೊಳವೆಯಲ್ಲಿ ಬರುವ ಪ್ರತಿ ಸಾಕು. ಕಸ್ಟಮ್ಸ್ ಸುಂಕವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇಲ್ಲೇ ಪ್ರಿಂಟ್ ಹಾಕಿಸುವುದು ಇನ್ನೊಂದು. ಕೈಬಾಟ್ ಚಿತ್ರದಂಥ, ಹಕ್ಕು ಮುಗಿದ ಎಷ್ಟೋ ಕೃತಿಗಳ ಫೈಲನ್ನು ಶಿಕಾಗೋ ಮ್ಯೂಸಿಯಂ ಉಚಿತವಾಗಿ ಕೊಡುತ್ತದೆ. ಇಳಿಸಿಕೊಂಡು, ಫೋಟೋಗ್ರಾಫರ್‌ಗಳು, ಕಲಾವಿದರು ಹೋಗುವ ಫೈನ್ ಆರ್ಟ್ ಪ್ರಿಂಟ್ ಸ್ಟುಡಿಯೋಗೆ ಕೊಡಿ. ಫ್ಲೆಕ್ಸ್ ಅಂಗಡಿಗೆ ಬೇಡ.

ಮೂರನೆಯದು ನನಗೆ ಅಚ್ಚುಮೆಚ್ಚು: ಜನವರಿಯ ಚಿತ್ರಸಂತೆ. ಆ ಭಾನುವಾರ ಕುಮಾರಕೃಪಾ ರಸ್ತೆ ಪೂರ್ತಿ ಚಿತ್ರಗಳೇ. ಹಳೆಯ ಪೇಟೆಯ ಬೀದಿ, ಮಾರ್ಕೆಟ್, ಮಳೆಯಲ್ಲಿ ನಿಂತ ಆಟೋಗಳನ್ನು ಬರೆಯುವ ಕಲಾವಿದರು ಸಿಗುತ್ತಾರೆ. ಮೂಲ ಚಿತ್ರದ ಜೊತೆ ತಾವೇ ಹಾಕಿಸಿದ ಪ್ರತಿಗಳನ್ನೂ ಕೆಲವರು ಮಾರುತ್ತಾರೆ. ಸಹಿ ಕೇಳಿ. ಮೂಲೆಯಲ್ಲಿ 12/50 ಅಂತ ಪೆನ್ಸಿಲ್‌ನಲ್ಲಿ ಬರೆದಿದ್ದರೆ, ಒಟ್ಟು 50 ಪ್ರತಿಗಳಲ್ಲಿ ಇದು 12ನೆಯದು ಅಂತ ಅರ್ಥ. ಬೆಳಿಗ್ಗೆ ಬೇಗ ಹೋಗಿ. ಮಧ್ಯಾಹ್ನದ ಹೊತ್ತಿಗೆ ನಿಂತು ನೋಡಲೂ ಜಾಗ ಇರುವುದಿಲ್ಲ.

ಪ್ರಿಂಟ್ ಹೇಗಿದೆ ಅಂತ ನೋಡುವುದು

ಮೊದಲು ಅಳತೆ. ಮೂಲದ ಅಗಲವನ್ನು ಎತ್ತರದಿಂದ ಭಾಗಿಸಿ. ಮಾರುವವರು ಹೇಳುವ ಅಳತೆಯನ್ನೂ ಹಾಗೇ ಭಾಗಿಸಿ. ಎರಡೂ ಒಂದೇ ಬರಬೇಕು. 'ನೈಟ್‌ಹಾಕ್ಸ್' 36 ಇಂಚು ಅಗಲ ಬೇಕಾದರೆ ಎತ್ತರ ಸುಮಾರು 20 ಇಂಚು. ಕೈಬಾಟ್ ಚಿತ್ರ 26 ಇಂಚು ಅಗಲಕ್ಕೆ 20 ಇಂಚು ಎತ್ತರ. ರೆಡಿ ಅಳತೆಗಳಿಗೆ ಇವು ಹೊಂದುವುದಿಲ್ಲ, ಅದಕ್ಕೇ ಕತ್ತರಿ ಬೀಳುವುದು.

ಆಮೇಲೆ ಪಿಕ್ಸೆಲ್. ಹತ್ತಿರದಿಂದ ನೋಡುವ ಚಿತ್ರಕ್ಕೆ ಇಂಚಿಗೆ 300 ಪಿಕ್ಸೆಲ್ ಇದ್ದರೆ ಚೆನ್ನ. ನಾಲ್ಕೈದು ಅಡಿ ದೂರದಿಂದ ನೋಡುವುದಾದರೆ 150 ನಡೆಯುತ್ತದೆ. 26 ಇಂಚಿನ ಕೈಬಾಟ್‌ಗೆ ಕಡಿಮೆ ಎಂದರೂ 3900 ಪಿಕ್ಸೆಲ್ ಅಗಲದ ಫೈಲ್ ಬೇಕು. ವಾಟ್ಸಾಪ್‌ನಲ್ಲಿ ಕಳಿಸಿದ ಫೈಲ್ ಕುಗ್ಗಿರುತ್ತದೆ. ಪೆನ್‌ಡ್ರೈವ್‌ನಲ್ಲೇ ಕೊಡಿ.

ಇಂಕ್ ಬಗ್ಗೆ ಒಂದೇ ಪ್ರಶ್ನೆ: "ಪಿಗ್ಮೆಂಟ್ ಇಂಕಾ, ಡೈ ಇಂಕಾ?" ಪಿಗ್ಮೆಂಟ್ ಬೇಕು. ಬೆಳಕಿಗೆ ಅದೇ ಹೆಚ್ಚು ದಿನ ತಡೆಯುತ್ತದೆ. 'ಜಿಕ್ಲೇ ಪ್ರಿಂಟ್' ಅಂತ ಬೋರ್ಡಿನಲ್ಲಿದ್ದರೆ ಇಂಕ್‌ಜೆಟ್‌ನಲ್ಲಿ ಅಚ್ಚಾದ ಪ್ರತಿ ಅಂತಷ್ಟೇ ಅರ್ಥ. ಒಳ್ಳೆಯ ಕಾಗದ, ಒಳ್ಳೆಯ ಇಂಕ್ ಇದ್ದಾಗ ಮಾತ್ರ ಆ ಹೆಸರಿಗೆ ಬೆಲೆ. ಕಾಗದ ಹತ್ತಿಯದ್ದು, ಆಸಿಡ್ ಇಲ್ಲದ್ದು, ಮ್ಯಾಟ್ ಮೈಯದ್ದು ಇರಲಿ. ದಪ್ಪ 300 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಆಸುಪಾಸು ಇದ್ದರೆ ಮಳೆಗಾಲದಲ್ಲಿ ಸುಲಭಕ್ಕೆ ಅಲೆ ಏಳುವುದಿಲ್ಲ. ಕ್ಯಾನ್ವಾಸ್ ಪ್ರಿಂಟ್ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಮೊಂಡ್ರಿಯಾನ್‌ನ ಚೂಪು ಅಂಚುಗಳನ್ನು ಅದರ ನೇಯ್ಗೆ ಹಾಳು ಮಾಡುತ್ತದೆ. ದಪ್ಪ ಬಣ್ಣದ ಎಣ್ಣೆಚಿತ್ರಕ್ಕೆ ಬೇಕಾದರೆ ಹಾಕಿಸಬಹುದು. ಆಗ ಅಂಚಿಗೆ ಮಡಚುವುದಕ್ಕೆ ಚಿತ್ರದ ಭಾಗವನ್ನು ಬಳಸದೆ ಸುತ್ತ ಬೇರೆ ಬಿಳಿ ಪಟ್ಟಿ ಬಿಡಲು ಹೇಳಿ.

ಪೂರ್ತಿ ಪ್ರಿಂಟ್ ಹಾಕಿಸುವ ಮುಂಚೆ ಒಂದು ತುಂಡು ಹಾಕಿಸಿ. ನಿಜವಾದ ಅಳತೆಯಲ್ಲೇ, ಎ4 ಹಾಳೆಯಷ್ಟು. ಚಿತ್ರದ ಅತಿ ಕಪ್ಪು ಜಾಗ ಮತ್ತು ಅತಿ ಬೆಳಕಿನ ಜಾಗ ಎರಡೂ ಬರುವ ಭಾಗ ಆರಿಸಿ. ಅದನ್ನು ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನೋಡಿ ಒಪ್ಪಬೇಡಿ. ಬಾಗಿಲ ಹೊರಗೆ, ನೆರಳಿನಲ್ಲಿ ಹಿಡಿದು ನೋಡಿ. ಕಪ್ಪು ಪೂರ್ತಿ ಮಸಿಯಾಗಿ ಒಳಗಿನ ಬಣ್ಣ ಕಾಣದಿದ್ದರೆ ಸರಿಮಾಡಿಸಿ. ರೆಡಿ ಪ್ರತಿಯನ್ನು ಭೂತಗನ್ನಡಿಯಲ್ಲಿ ನೋಡಿದಾಗ ಹೂವಿನ ಥರ ಸಾಲು ಚುಕ್ಕಿಗಳು ಕಂಡರೆ ಅದು ಆಫ್‌ಸೆಟ್ ಪೋಸ್ಟರ್. ಪೋಸ್ಟರ್ ಕೊಳ್ಳುವುದು ತಪ್ಪಲ್ಲ, ಪೋಸ್ಟರ್ ಬೆಲೆಗೇ ಕೊಳ್ಳಿ.

ಕಟ್ಟು

ಇಲ್ಲಿ ನಾನು ಕಳೆದುಕೊಂಡದ್ದನ್ನು ಹೇಳಲೇಬೇಕು. ಊರಿಂದ ಬಂದ ನೆಂಟರೊಬ್ಬರು ಕೊಟ್ಟ ಕ್ಲೀ ಚಿತ್ರದ ಒಳ್ಳೆಯ ಪ್ರತಿಯೊಂದನ್ನು ಕಟ್ಟಿಗೆ ಕೊಟ್ಟೆ. ಏನೂ ಹೇಳಲಿಲ್ಲ. ಅವರು ದೇವರ ಪಟಕ್ಕೆ ಮಾಡುವ ಹಾಗೆ ಹಲಗೆಗೆ ಪೂರ್ತಿ ಅಂಟು ಬಳಿದು ಅಂಟಿಸಿ, ಮೇಲೆ ಲ್ಯಾಮಿನೇಷನ್ ಮಾಡಿಕೊಟ್ಟರು. ಎರಡನೇ ಮಳೆಗಾಲಕ್ಕೆ ಗುಳ್ಳೆ ಎದ್ದವು. ಬಿಡಿಸಲು ಹೋದರೆ ಕಾಗದ ಹರಿಯಿತು.

ಅದಕ್ಕೇ ಈಗ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗುತ್ತೇನೆ. ಚಿತ್ರಕ್ಕೆ ಅಂಟು ಬೇಡ, ಮೇಲಿನ ಅಂಚಿನಲ್ಲಿ ಮಾತ್ರ ಎರಡು ಕಡೆ ಆಸಿಡ್ ಇಲ್ಲದ ಕಾಗದದ ಟೇಪ್. ಚಿತ್ರ ಕೆಳಗೆ ಬಿಡುವಾಗಿ ತೂಗಬೇಕು. ಲ್ಯಾಮಿನೇಷನ್ ಬೇಡ. ಅಂಚು ಕತ್ತರಿಸಬೇಡಿ. ಈ ಕೊನೆಯದನ್ನು ಬಾಯಲ್ಲೂ ಹೇಳಿ, ಚೀಟಿಯಲ್ಲೂ ಬರೆಯಿರಿ.

ಚಿಕ್ಕಪೇಟೆ, ಅವೆನ್ಯೂ ರಸ್ತೆ ಸುತ್ತಮುತ್ತ ಕಟ್ಟು ಹಾಕುವ ಹಳೆಯ ಅಂಗಡಿಗಳಿವೆ. ಬಡಾವಣೆಗಳಲ್ಲೂ ಹುಡುಕಿದರೆ ಒಂದೆರಡು ಸಿಗುತ್ತವೆ. ಪೇಟೆಯಲ್ಲಿ ಆಯ್ಕೆ ಜಾಸ್ತಿ. ಮನೆ ಹತ್ತಿರದವರಾದರೆ ಎದುರಿಗೆ ನಿಂತು ಮಾಡಿಸಬಹುದು. ನಾನು ಎರಡನೆಯದನ್ನೇ ಆರಿಸುತ್ತೇನೆ.

ಲೆಕ್ಕ ಸಾಮಾನ್ಯವಾಗಿ ಹೀಗೆ: ಬೀಡಿಂಗ್‌ಗೆ, ಅಂದರೆ ಕಟ್ಟಿನ ಪಟ್ಟಿಗೆ, ಅಡಿ ಉದ್ದದ ದರ, ಗಾಜು ಮತ್ತು ಮೌಂಟ್‌ಗೆ ಚದರಡಿ ದರ. ಮೇಲೆ ಹೇಳಿದ 36 × 20 ಇಂಚಿನ 'ನೈಟ್‌ಹಾಕ್ಸ್'ಗೆ ಸುತ್ತ 3 ಇಂಚು ಮೌಂಟ್ ಬಿಟ್ಟರೆ 42 × 26 ಆಗುತ್ತದೆ. ಸುತ್ತಳತೆ 136 ಇಂಚು. ಒಂದು ಇಂಚು ಅಗಲದ ಬೀಡಿಂಗ್ ಆದರೆ ನಾಲ್ಕು ಮೂಲೆಗಳ ಓರೆ ಕಟಿಂಗ್‌ಗೆ ಇನ್ನೂ 8 ಇಂಚು. ಒಟ್ಟು 12 ಅಡಿ. ಗಾಜು ಏಳೂವರೆ ಚದರಡಿಗಿಂತ ಚೂರು ಜಾಸ್ತಿ. ಈ ಲೆಕ್ಕ ಮನೆಯಲ್ಲೇ ಮಾಡಿಕೊಂಡು ಹೋದರೆ ದರದ ಮಾತು ಸಲೀಸು.

ಬೀಡಿಂಗ್ ಸರಳ ಇರಲಿ. ನಗರದ ಮಾಡರ್ನ್ ಚಿತ್ರಕ್ಕೆ ಬಂಗಾರದ ಬಳ್ಳಿ ಕೆತ್ತನೆ ಹೊಂದುವುದಿಲ್ಲ. ಕಪ್ಪು, ಕಂದು ಅಥವಾ ಬಣ್ಣ ಹಚ್ಚದ ತೇಗ ಸಾಕು. ಮರದ್ದಾದರೆ ಗೆದ್ದಲು ಔಷಧಿ ಆಗಿದೆಯಾ ಕೇಳಿ. ಸಿಂಥೆಟಿಕ್ ಬೀಡಿಂಗ್ ಅಗ್ಗ, ಗೆದ್ದಲು ಹಿಡಿಯುವುದಿಲ್ಲ, ಆದರೆ ಭಾರ ಜಾಸ್ತಿಯಾದರೆ ಮೂಲೆ ಬಿಡುತ್ತದೆ. ಮೊಂಡ್ರಿಯಾನ್ ತನ್ನ ಕ್ಯಾನ್ವಾಸನ್ನು ಕಟ್ಟಿನೊಳಗೆ ಹುದುಗಿಸದೆ ಕಟ್ಟಿಗಿಂತ ಮುಂದೆ ಬರುವಂತೆ ಕೂರಿಸುತ್ತಿದ್ದ. ಅವನ ಚಿತ್ರಕ್ಕೆ ಅಗಲ ಮೌಂಟ್ ಹಾಕಿ ಒಳಗೆ ತಳ್ಳಿದರೆ ಅವನ ಇಷ್ಟಕ್ಕೆ ವಿರುದ್ಧ. ತೆಳ್ಳಗಿನ ಬಿಳಿ ಪಟ್ಟಿ, ಮೌಂಟ್ ಇಲ್ಲದೆ, ಇಷ್ಟೇ ಸಾಕು. ಗಾಜಿಗೆ ಚಿತ್ರ ತಾಗದಂತೆ ಒಳಗೆ ಸಣ್ಣ ಪಟ್ಟಿ ಕೊಡಲು ಮಾತ್ರ ಹೇಳಿ.

ಮೌಂಟ್ ಬೋರ್ಡ್ ಆಸಿಡ್ ಇಲ್ಲದ್ದೇ ಬೇಕು. ಮಾಮೂಲಿ ಬೋರ್ಡ್ ಕೆಲವು ವರ್ಷಕ್ಕೆ ಹಳದಿಯಾಗಿ ಚಿತ್ರದ ಅಂಚಿಗೂ ಕಲೆ ಹಿಡಿಸುತ್ತದೆ. ಗಾಜು 2 ಮಿ.ಮೀ. ಇದ್ದರೆ ಈ ಅಳತೆಗೆ ಗಾಜಿನ ತೂಕವೇ ಸುಮಾರು ಮೂರೂವರೆ ಕೆ.ಜಿ. ಅಕ್ರಿಲಿಕ್ ಅದರ ಅರ್ಧಕ್ಕಿಂತ ಕಡಿಮೆ, ಒಡೆಯುವುದಿಲ್ಲ, ಗೀರು ಮಾತ್ರ ಬೇಗ ಬೀಳುತ್ತದೆ. ಮಕ್ಕಳಿರುವ ಮನೆಗೆ ನಾನು ಅಕ್ರಿಲಿಕ್ ಅನ್ನುತ್ತೇನೆ. ಹಾಪರ್‌ನಂಥ ಕತ್ತಲೆ ಚಿತ್ರಕ್ಕೆ ಸಾದಾ ಗಾಜು ಹಾಕಿದರೆ ಎದುರಿನ ಕಿಟಕಿ, ಟಿವಿ ಎಲ್ಲಾ ಅದರಲ್ಲೇ ಕಾಣುತ್ತದೆ. ಪ್ರತಿಫಲನ ತಡೆಯುವ ಗಾಜಿಗೆ ದುಡ್ಡು ಹಾಕಿ. ಆದರೆ ಉಜ್ಜಿದಂತೆ ಮಬ್ಬು ಕಾಣುವ ಅಗ್ಗದ ನಾನ್-ಗ್ಲೇರ್ ಗಾಜು ಬೇಡ, ಅದು ಬಣ್ಣದ ಮೇಲೆ ಮಂಜು ಕವಿದಂತೆ ಮಾಡುತ್ತದೆ. ಬಜೆಟ್ ಸಾಲದಿದ್ದರೆ ಬೀಡಿಂಗ್‌ನಲ್ಲಿ ಉಳಿಸಿ, ಪ್ರಿಂಟ್‌ನಲ್ಲಿ ಉಳಿಸಬೇಡಿ.

ಹಿಂಬದಿಗೆ ಸನ್‌ಬೋರ್ಡ್ ಒಳ್ಳೆಯದು, ತೇವ ಎಳೆಯುವುದಿಲ್ಲ. ಸುತ್ತ ಟೇಪ್ ಹಚ್ಚಿ ಸಂದು ಮುಚ್ಚಿಸಿ, ಇರುವೆ, ದೂಳು ಒಳಗೆ ಹೋಗಬಾರದು. ಕೆಳಗಿನ ಎರಡು ಮೂಲೆಗೆ ರಬ್ಬರ್ ಗುಂಡಿ ಹಚ್ಚಿಸಿದರೆ ಗೋಡೆಗೂ ಕಟ್ಟಿಗೂ ನಡುವೆ ಗಾಳಿಯಾಡುತ್ತದೆ. ನಾಲ್ಕಾಣೆ ಕೆಲಸ, ಉಪಕಾರ ದೊಡ್ಡದು.

ತೂಗುಹಾಕುವುದು

ಚಿತ್ರದ ನಡುಭಾಗ ನೆಲದಿಂದ 57 ಇಂಚಿಗೆ ಬರಲಿ. ನಮ್ಮ ಕಟ್ಟಿನ ಒಟ್ಟು ಎತ್ತರ ಬೀಡಿಂಗ್ ಸೇರಿ 28 ಇಂಚು, ಅದರ ಅರ್ಧ 14. ಹಿಂದಿನ ತಂತಿಯನ್ನು ಮೇಲಕ್ಕೆ ಎಳೆದಾಗ ಅದು ಕಟ್ಟಿನ ತುದಿಗಿಂತ 3 ಇಂಚು ಕೆಳಗಿದ್ದರೆ, ಮೊಳೆ 68 ಇಂಚಿಗೆ. ನೆಲದ ಮೇಲೆ ಕೂತು ಮಾತಾಡುವ ಮನೆಯಾದರೆ ನಾಲ್ಕೈದು ಇಂಚು ಇಳಿಸಿ.

ಹಳೆಯ ಇಟ್ಟಿಗೆ ಗೋಡೆಗೆ ಪ್ಲಗ್ ಹಾಕಿ ಸ್ಕ್ರೂ ಬಿಗಿದರೆ ಮುಗಿಯಿತು. ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಹಗುರ ಬ್ಲಾಕ್ ಗೋಡೆ ಇದ್ದರೆ ಮಾಮೂಲಿ ಪ್ಲಗ್ ನಿಲ್ಲುವುದಿಲ್ಲ, ಅದಕ್ಕೇ ಅಂತ ಬರುವ ಪ್ಲಗ್ ಕೇಳಿ ತನ್ನಿ. ಕಾಂಕ್ರೀಟ್ ಗೋಡೆಯಾದರೆ ಹ್ಯಾಮರ್ ಡ್ರಿಲ್ ಬೇಕು. ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ ತೂತು ಹಾಕಬೇಡಿ, ಒಳಗೆ ವೈರ್ ಇರುತ್ತದೆ. ಎರಡು ಸ್ಕ್ರೂಗಳಿಗೆ ತೂಗಿಸಿದರೆ ಚಿತ್ರ ಓರೆಯಾಗುವುದಿಲ್ಲ. ರಸಮಟ್ಟ ಇಟ್ಟು ನೋಡಿ. ಬಾಡಿಗೆ ಮನೆ, ಓನರ್ ಮೊಳೆ ಬೇಡ ಅಂದರೆ, ಅಂಟಿಸುವ ಹುಕ್‌ಗಳಿಗೆ ಇಷ್ಟು ಭಾರ ಕೊಡಬೇಡಿ. ಬೀರುವಿನ ಮೇಲೆ, ಶೆಲ್ಫ್ ಮೇಲೆ ಗೋಡೆಗೆ ಒರಗಿಸಿಡಿ. ಅದೂ ಚೆನ್ನಾಗೇ ಕಾಣುತ್ತದೆ.

ಬೆಳಕಿಗೆ 2700 ರಿಂದ 3000 ಕೆಲ್ವಿನ್‌ನ ಎಲ್‌ಇಡಿ ಬಲ್ಬ್, ಡಬ್ಬಿಯ ಮೇಲೆ ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಂಕ) 90ಕ್ಕಿಂತ ಹೆಚ್ಚು ಅಂತ ಇರಬೇಕು. ತಣ್ಣನೆಯ ಬಿಳಿ ಬಲ್ಬಿನಲ್ಲಿ ಹಾಪರ್‌ನ ಹೋಟೆಲಿನ ಹಳದಿ ಗೋಡೆ ಸತ್ತುಹೋಗುತ್ತದೆ.

ಒರೆಸುವಾಗ ಗಾಜಿನ ಮೇಲೆ ನೇರ ಸ್ಪ್ರೇ ಮಾಡಬೇಡಿ, ನೀರು ಇಳಿದು ಮೌಂಟ್ ಒಳಗೆ ಸೇರುತ್ತದೆ. ಬಟ್ಟೆಗೆ ಹಾಕಿ ಒರೆಸಿ. ವರ್ಷಕ್ಕೊಮ್ಮೆ, ಮಳೆ ನಿಂತು ದೀಪಾವಳಿಗೆ ಮನೆ ಶುಚಿ ಮಾಡುವಾಗ, ಚಿತ್ರವನ್ನು ಇಳಿಸಿ ಹಿಂಬದಿ ನೋಡಿ. ಟೇಪ್ ಬಿಟ್ಟಿದೆಯಾ, ತಂತಿ ತುಕ್ಕು ಹಿಡಿದಿದೆಯಾ, ಕಪ್ಪು ಚುಕ್ಕೆ ಶುರುವಾಗಿದೆಯಾ ಅಂತ. ಚುಕ್ಕೆ ಕಂಡರೆ ಕಟ್ಟು ಬಿಚ್ಚಿಸಿ, ಚಿತ್ರವನ್ನು ನೆರಳಿನಲ್ಲಿ ಗಾಳಿಗೆ ಹಾಕಿ ಪೂರ್ತಿ ಒಣಗಿಸಿ, ಹೊಸ ಮೌಂಟ್ ಹಾಕಿಸಿ, ಬೇರೆ ಗೋಡೆಗೆ ಬದಲಾಯಿಸಿ.